ಕಲಿತದ್ದು ಅವ್ವ, ಫಲ ಯಾರಿಗೆ?

ಪ್ರಥಮ ಪಿಯುಸಿಯ ಅರ್ಥಶಾಸ್ತ್ರದಲ್ಲಿ ಮಾನವ ಬಂಡವಾಳವನ್ನು ಕುರಿತ ಅಧ್ಯಾಯವೊಂದಿದೆ. ಶಿಕ್ಷಣ, ಆರೋಗ್ಯ, ಕೆಲಸದ ನಡುವೆ ಸಿಗುವ ತರಬೇತಿ, ವಲಸೆ, ಮಾಹಿತಿ ಇವುಗಳಿಗೆ ಹಾಕುವ ಹಣ ಬರೀ ಖರ್ಚಲ್ಲ, ಅದೊಂದು ಹೂಡಿಕೆ ಎಂದು ಅದು ಹೇಳುತ್ತದೆ. ಕಲಿತವರ ಉತ್ಪಾದಕತೆ ಹೆಚ್ಚುತ್ತದೆ, ಉತ್ಪಾದಕತೆ ಹೆಚ್ಚಿದಂತೆ ಆದಾಯವೂ ಹೆಚ್ಚುತ್ತದೆ ಎಂಬುದು ಅದರ ತಿರುಳು. ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ನಾನು ಈ ಪಾಠ ಮಾಡಲು ಶುರುಮಾಡಿ ಐದಾರು ವರ್ಷಗಳಾದವು. ಕಳೆದ ವರ್ಷ ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಮ್ಮಮ್ಮ ಹನ್ನೆರಡು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗ್ತಿದಾರೆ. ಸೇರಿದಾಗ ದಾರ ಕತ್ತರಿಸೋ ಕೆಲಸ, ಈಗ ಪೂರ್ತಿ ಶರ್ಟ್ ಹೊಲೀತಾರೆ. ಸಂಬಳ ಮಾತ್ರ ಹೊಸದಾಗಿ ಸೇರಿದವರಿಗೂ ಅವರಿಗೂ ಹೆಚ್ಚುಕಡಿಮೆ ಒಂದೇ. ಹಾಗಾದ್ರೆ ಅಮ್ಮ ಕಲಿತಿದ್ದು ಬಂಡವಾಳ ಅಲ್ವಾ?" ಎಂದು ಕೇಳಿದಳು. ತರಗತಿಯಲ್ಲಿ ಯಾರೂ ನಗಲಿಲ್ಲ. ಅಲ್ಲಿ ಕುಳಿತಿದ್ದ ಎಷ್ಟೋ ಮಕ್ಕಳ ಮನೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು ಒಬ್ಬರಾದರೂ ಇದ್ದಾರೆ. ಆ ದಿನ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ, ಏಕೆಂದರೆ ಅದು ನಮ್ಮ ಮನೆಯ ಪ್ರಶ್ನೆಯೂ ಹೌದು. ಅದಕ್ಕೆ ಸಾವಧಾನವಾಗಿ ಉತ್ತರ ಹುಡುಕಲು ಈಗ ಕುಳಿತಿದ್ದೇನೆ.

ನಮ್ಮ ಅವ್ವ ಮದ್ದೂರು ತಾಲ್ಲೂಕಿನ ಹಳ್ಳಿಯವಳು, ಏಳನೆಯ ತರಗತಿಯವರೆಗೆ ಓದಿದವಳು. 1999ರಲ್ಲಿ, ನನಗೆ ನಾಲ್ಕು ವರ್ಷವಾಗಿದ್ದಾಗ, ಬೆಂಗಳೂರಿನ ಮೈಸೂರು ರಸ್ತೆಯ ಒಂದು ಸಿದ್ಧ ಉಡುಪು ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿದಳು. ಹೊಲಿದು ಬಂದ ತುಂಡುಗಳ ದಾರ ಕತ್ತರಿಸುವುದು, ಬಂಡಲ್ ಕಟ್ಟುವುದು, ಒಂದು ಮೆಷಿನ್ನಿನಿಂದ ಇನ್ನೊಂದಕ್ಕೆ ಒಯ್ದು ಕೊಡುವುದು ಹೆಲ್ಪರ್ ಕೆಲಸ. ಊಟದ ಅರ್ಧ ಗಂಟೆಯಲ್ಲಿ ಬೇಗ ಉಂಡು ಬಂದು, ಖಾಲಿ ಇದ್ದ ಮೆಷಿನ್ನಿನಲ್ಲಿ ಚಿಂದಿ ಬಟ್ಟೆಗೆ ನೇರ ಹೊಲಿಗೆ ಹಾಕಿ ಹಾಕಿ ಅವಳು ಕೈ ಕುದುರಿಸಿಕೊಂಡಳು. ಮೊದಲು ಜೇಬು, ಆಮೇಲೆ ತೋಳು, ಕೆಲವು ವರ್ಷಗಳ ನಂತರ ಕಾಲರ್. ಶರ್ಟಿನಲ್ಲಿ ಕಾಲರ್ ಕೂರಿಸುವುದೇ ಕಷ್ಟದ ಕೆಲಸ. ಕುತ್ತಿಗೆಯ ದುಂಡಿಗೆ ಪಟ್ಟಿಯನ್ನು ಸರಿದೂಗಿಸಿ, ಎಡಗೈ ಹೆಬ್ಬೆರಳಿನಿಂದ ಬಟ್ಟೆಯನ್ನು ಸ್ವಲ್ಪವೇ ಸಡಿಲ ಬಿಡುತ್ತಾ ಹೊಲಿಯದಿದ್ದರೆ ಎರಡು ತುದಿಗಳೂ ಒಂದೇ ಎತ್ತರಕ್ಕೆ ಬರುವುದಿಲ್ಲ. ಎಷ್ಟು ಸಡಿಲ ಬಿಡಬೇಕೆಂಬುದು ಬಟ್ಟೆಯಿಂದ ಬಟ್ಟೆಗೆ ಬೇರೆ. ಅದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ, ಹೆಬ್ಬೆರಳೇ ಕಲಿಯಬೇಕು. ಹೀಗೆ ಕೂಡಿಟ್ಟ ಕಲಿಕೆಗೆ ಅವಳ ಸಂಬಳದ ಚೀಟಿಯಲ್ಲಿ ಸಿಕ್ಕ ಬೆಲೆ, ಅಂದರೆ ಹೆಲ್ಪರ್‌ಗೂ ನುರಿತ ಟೈಲರ್‌ಗೂ ಇದ್ದ ತಿಂಗಳ ಅಂತರ, ಯಾವತ್ತೂ ನೂರರ ಲೆಕ್ಕದಲ್ಲಿತ್ತೇ ಹೊರತು ಸಾವಿರದ ಲೆಕ್ಕಕ್ಕೆ ಹೋಗಲಿಲ್ಲ.

ಮಾನವ ಬಂಡವಾಳ ಎಂಬ ಮಾತು ಅರ್ಥಶಾಸ್ತ್ರದಲ್ಲಿ ಬೇರೂರಿದ್ದು ಥಿಯೊಡೋರ್ ಶುಲ್ಟ್ಜ್ 1960ರ ಡಿಸೆಂಬರಿನಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿ ಮಾಡಿದ ಭಾಷಣದಿಂದ. ಭೂಮಿ, ಯಂತ್ರ, ದುಡಿಮೆಯ ಗಂಟೆ ಇವು ಹೆಚ್ಚಿದ ಪ್ರಮಾಣಕ್ಕಿಂತ ದೇಶಗಳ ಉತ್ಪಾದನೆ ಬಹಳ ಹೆಚ್ಚಾಗಿ ಬೆಳೆಯುತ್ತಿರುವುದು ಹೇಗೆ ಎಂಬ ಒಗಟಿಗೆ, ಜನರಲ್ಲಿ ಆದ ಹೂಡಿಕೆಯನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ ಎಂಬುದು ಅವರ ಉತ್ತರವಾಗಿತ್ತು. ಗ್ಯಾರಿ ಬೆಕರ್ 1964ರಲ್ಲಿ ಅದಕ್ಕೊಂದು ಸಿದ್ಧಾಂತದ ಚೌಕಟ್ಟು ಕೊಟ್ಟರು. ಓದಿನ ಪ್ರತಿ ಹೆಚ್ಚುವರಿ ವರ್ಷಕ್ಕೆ ಗಳಿಕೆ ಶೇಕಡಾ ಎಷ್ಟು ಏರುತ್ತದೆ ಎಂದು ಅಳೆಯುವ ಸಮೀಕರಣವನ್ನು ಜೇಕಬ್ ಮಿನ್ಸರ್ 1974ರಲ್ಲಿ ಕೊಟ್ಟರು. ಅದಕ್ಕೂ ಬಹಳ ಹಿಂದೆ, 1776ರಲ್ಲೇ, ಆಡಂ ಸ್ಮಿತ್ ಹೆಚ್ಚು ಶ್ರಮ ಮತ್ತು ಸಮಯ ಹಾಕಿ ಕಲಿತ ಮನುಷ್ಯನನ್ನು ದುಬಾರಿ ಯಂತ್ರಕ್ಕೆ ಹೋಲಿಸಿದ್ದರು. ನಮ್ಮಲ್ಲಿಯೂ ಈ ಯೋಚನೆ ಹೊಸದಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. 1911ರಲ್ಲಿ ಸ್ಥಾಪನೆಯಾದ ಮೈಸೂರು ಸಂಪದಭ್ಯುದಯ ಸಮಾಜದಲ್ಲಿ ಕೃಷಿ ಮತ್ತು ಕೈಗಾರಿಕೆಗಳ ಸಮಿತಿಗಳ ಪಕ್ಕದಲ್ಲೇ ಶಿಕ್ಷಣಕ್ಕೂ ಒಂದು ಸಮಿತಿಯಿತ್ತು. ಸಂಪತ್ತನ್ನು ಬೆಳೆಸಲೆಂದು ಹುಟ್ಟಿದ ಸಂಸ್ಥೆಯಲ್ಲಿ ಶಾಲೆಗೆ ಹೊಲದಷ್ಟೇ, ಕಾರ್ಖಾನೆಯಷ್ಟೇ ಸ್ಥಾನ ಕೊಟ್ಟವರು ಶುಲ್ಟ್ಜ್ ಅವರಿಗಿಂತ ಅರ್ಧ ಶತಮಾನ ಮೊದಲೇ ಅವರ ಮಾತಿನ ಸಾರವನ್ನು ಕಂಡಿದ್ದರು.

ಓದು ಗಳಿಕೆಯನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇಂಡೊನೇಷ್ಯಾ ತೈಲದ ಹಣದಿಂದ 1973ರಿಂದ 1978ರೊಳಗೆ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಹೆಚ್ಚು ಶಾಲೆಗಳು ಬಂದ ಜಿಲ್ಲೆಗಳಲ್ಲಿ ಬೆಳೆದ ಗಂಡುಮಕ್ಕಳು ಹೆಚ್ಚು ವರ್ಷ ಓದಿದರು, ದೊಡ್ಡವರಾದ ಮೇಲೆ ಹೆಚ್ಚು ಕೂಲಿಯನ್ನೂ ಪಡೆದರು ಎಂಬುದನ್ನು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಬಹಳ ಎಚ್ಚರಿಕೆಯಿಂದ ತೋರಿಸಿಕೊಟ್ಟರು. ನನ್ನ ಬದುಕೇ ನನಗೆ ಇದರ ಇನ್ನೊಂದು ಪುರಾವೆ. ಏಳನೆಯ ತರಗತಿಯ ತಾಯಿಯ ಮಗಳು ಸ್ನಾತಕೋತ್ತರ ಪದವಿ ಪಡೆದು ಸರ್ಕಾರಿ ಸಂಬಳ ಎಣಿಸುತ್ತಿದ್ದಾಳೆ. ಆದರೆ ಕಲಿಕೆಯಿಂದ ಉತ್ಪಾದಕತೆ, ಉತ್ಪಾದಕತೆಯಿಂದ ಆದಾಯ ಎಂಬ ಸರಪಳಿಯಲ್ಲಿ ಎರಡು ಕೊಂಡಿಗಳಿವೆ. ಮೊದಲನೆಯದು ಗಟ್ಟಿಯಾಗಿದ್ದರೂ ಎರಡನೆಯದು ಕಳಚಿಕೊಂಡಿರಬಹುದು. ವಿದ್ಯೆಯನ್ನು ಕಳ್ಳ ಕದಿಯಲಾರ, ಅಣ್ಣತಮ್ಮಂದಿರು ಪಾಲು ಕೇಳಲಾರರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ವಿದ್ಯೆಯ ಮಟ್ಟಿಗೆ ಆ ಮಾತು ಸತ್ಯ. ವಿದ್ಯೆಯ ಫಸಲಿಗೆ ಮಾತ್ರ ಪಾಲುದಾರರಿದ್ದಾರೆ.

ಇದನ್ನು ನಾನು ಊಹೆಯ ಮೇಲೆ ಹೇಳುತ್ತಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ ಇದನ್ನು ಅಳೆದು ನೋಡಿದ್ದಾರೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಐದು ಕಾರ್ಖಾನೆಗಳಲ್ಲಿ 2013ರಲ್ಲಿ ಆರಂಭವಾದ ಒಂದು ತರಬೇತಿಯ ಪರಿಣಾಮವನ್ನು ಅಧ್ಯಯನ ಮಾಡಿದರು. ಅದು ಹೊಲಿಗೆಯ ತರಬೇತಿಯಲ್ಲ. ಇನ್ನೊಬ್ಬರೊಡನೆ ಮಾತನಾಡುವುದು ಹೇಗೆ, ಸಮಸ್ಯೆ ಬಂದಾಗ ಯೋಚಿಸುವುದು ಹೇಗೆ, ಸಮಯವನ್ನೂ ಮನಸ್ಸಿನ ಒತ್ತಡವನ್ನೂ ನಿಭಾಯಿಸುವುದು ಹೇಗೆ, ಹಣ ಉಳಿಸುವುದು ಹೇಗೆ ಎಂಬುದನ್ನು ವಾರಕ್ಕೆ ಎರಡು ಗಂಟೆಯಂತೆ ಹೆಚ್ಚುಕಡಿಮೆ ಒಂದು ವರ್ಷ ಹೇಳಿಕೊಡುವ ತರಗತಿ ಅದು. ಇದ್ದ ಸ್ಥಾನಗಳಿಗಿಂತ ಸೇರಬಯಸಿದ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದಿದ್ದುದರಿಂದ ಚೀಟಿ ಎತ್ತಿ ಆಯ್ಕೆ ಮಾಡಿದರು. ಹೀಗೆ ಮಾಡಿದ್ದರಿಂದ, ಚೀಟಿ ಬಂದವರನ್ನೂ ಬಾರದವರನ್ನೂ ನ್ಯಾಯವಾಗಿ ಹೋಲಿಸಲು ಸಾಧ್ಯವಾಯಿತು. ತರಬೇತಿ ಪಡೆದವರ ಉತ್ಪಾದಕತೆ ಶೇಕಡಾ ಹತ್ತಕ್ಕಿಂತ ಹೆಚ್ಚು ಏರಿತು. ಅವರ ಜೊತೆ ಒಂದೇ ಲೈನಿನಲ್ಲಿ ಕುಳಿತಿದ್ದ, ತರಬೇತಿ ಪಡೆಯದವರ ಕೆಲಸವೂ ಚುರುಕಾಯಿತು. ತರಗತಿ ಮುಗಿದ ಎಂಟು ತಿಂಗಳ ಹೊತ್ತಿಗೆ, ಹಾಕಿದ ವೆಚ್ಚವನ್ನೆಲ್ಲ ಕಳೆದ ಮೇಲೆ, ಕಂಪನಿಗೆ ಬಂದ ನಿವ್ವಳ ಪ್ರತಿಫಲ ಶೇಕಡಾ 250ಕ್ಕಿಂತ ಹೆಚ್ಚು. ಕಲಿತ ಹೆಣ್ಣುಮಕ್ಕಳ ಸಂಬಳ ಏರಿದ್ದು ಶೇಕಡಾ ಅರ್ಧದಷ್ಟು ಮಾತ್ರ.

ಈ ಅಂಕಿಗಳನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅವ್ವ ಆಗ ಕೆಲಸ ಮಾಡುತ್ತಿದ್ದ ಬೇರೊಂದು ಕಾರ್ಖಾನೆಯಲ್ಲೂ ಇದೇ ಬಗೆಯ ತರಗತಿ ನಡೆದಿತ್ತು. ಅದರ ಪ್ರಮಾಣಪತ್ರ ರೇಷನ್ ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಈಗಲೂ ಇದೆ. ಮಾತನಾಡಲು ಕಲಿತರೆ ಬಟ್ಟೆಯನ್ನು ಹೆಚ್ಚು ಹೊಲಿಯುವುದು ಹೇಗೆ ಸಾಧ್ಯ ಎಂದು ಯಾರಿಗಾದರೂ ಅನಿಸಬಹುದು. ಅದಕ್ಕೆ ಲೈನ್ ಎಂದರೇನೆಂದು ತಿಳಿದಿರಬೇಕು. ಒಂದು ಶರ್ಟು ಹತ್ತಾರು ಕೈಗಳನ್ನು ದಾಟಿ ಬರುತ್ತದೆ. ಒಬ್ಬಳು ಜೇಬು ಹೊಲಿದರೆ ಇನ್ನೊಬ್ಬಳು ಭುಜ ಕೂಡಿಸುತ್ತಾಳೆ, ಮತ್ತೊಬ್ಬಳು ತೋಳು ಸೇರಿಸುತ್ತಾಳೆ. ನಡುವೆ ಒಂದು ಮೆಷಿನ್ ನಿಂತರೆ ಅದರ ಹಿಂದೆ ಬಂಡಲ್‌ಗಳು ಗುಡ್ಡೆ ಬೀಳುತ್ತವೆ, ಮುಂದಿನವರು ಕೈ ಕಟ್ಟಿ ಕೂರುತ್ತಾರೆ, ಗಂಟೆಗೆ ಎಷ್ಟು ಪೀಸ್ ಎಂದು ಸೀಮೆಸುಣ್ಣದಲ್ಲಿ ಬರೆಯುವ ಬೋರ್ಡಿನ ಮೇಲೆ ಅಂಕಿ ಇಳಿಯುತ್ತದೆ, ಸೂಪರ್‌ವೈಸರ್ ಕೂಗಾಡುತ್ತಾನೆ. ಅವ್ವನ ಮೆಷಿನ್ನಿನಲ್ಲಿ ಮೊದಮೊದಲು ದಾರ ಪದೇಪದೇ ತುಂಡಾಗುತ್ತಿದ್ದಾಗ ಅವಳು ಬೈಗುಳಕ್ಕೆ ಹೆದರಿ ಯಾರಿಗೂ ಹೇಳುತ್ತಿರಲಿಲ್ಲವಂತೆ, ಪ್ರತಿ ಸಲವೂ ತಾನೇ ದಾರ ಪೋಣಿಸಿಕೊಂಡು ಹೊಲಿಯುತ್ತಿದ್ದಳಂತೆ. ತರಗತಿಯ ನಂತರ, ಎರಡನೆಯ ಸಲ ತುಂಡಾದ ಕೂಡಲೇ ಎದ್ದು ಮೆಕ್ಯಾನಿಕ್‌ನನ್ನು ಕರೆಯುವುದು, ಅವನು ಬರುವವರೆಗೆ ಪಕ್ಕದವಳ ಬಂಡಲ್‌ಗೆ ಕೈ ಹಚ್ಚುವುದು, ಕಟಿಂಗ್‌ನಿಂದಲೇ ತಪ್ಪಾಗಿ ಬಂದ ತುಂಡನ್ನು ಹೊಲಿಯುವ ಮೊದಲೇ ತೋರಿಸುವುದು ರೂಢಿಯಾಯಿತು. ತಪ್ಪು ತುಂಡನ್ನು ಹೊಲಿದು, ಚೆಕ್ಕಿಂಗ್‌ನಲ್ಲಿ ಸಿಕ್ಕಿಬಿದ್ದು, ಮತ್ತೆ ಬಿಚ್ಚಿ ಹೊಲಿಯುವ ಆಲ್ಟರ್ ಕೆಲಸ ಅವಳ ಲೈನಿನಲ್ಲಿ ಕಡಿಮೆಯಾಯಿತು. "ಬಾಯಿ ಇರೋಳು ಪೀಸ್ ಜಾಸ್ತಿ ಕೊಡ್ತಾಳೆ ಕಣವ್ವ, ಆದ್ರೆ ಸಂಬಳದ ಚೀಟೀಲಿ ಬಾಯಿಗೆ ಕಾಲಂ ಇಲ್ಲ" ಎಂದು ಅವಳು ಒಮ್ಮೆ ಹೇಳಿದ್ದಳು. ಮೂವರು ಸಂಶೋಧಕರು ಹತ್ತಾರು ಕೋಷ್ಟಕಗಳಲ್ಲಿ ತೋರಿಸಿದ್ದನ್ನು ಅವ್ವ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಳು.

ಸಂಬಳವೇಕೆ ಏರಲಿಲ್ಲ? ಬೆಕರ್ ಅವರ ಸಿದ್ಧಾಂತವು ತರಬೇತಿಯನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಒಂದೇ ಕಾರ್ಖಾನೆಯಲ್ಲಿ ಮಾತ್ರ ಉಪಯೋಗಕ್ಕೆ ಬರುವ ಕೌಶಲಕ್ಕೆ ಕಾರ್ಖಾನೆಯೇ ಹಣ ಹಾಕುತ್ತದೆ. ಎಲ್ಲಿ ಹೋದರೂ ಉಪಯೋಗಕ್ಕೆ ಬರುವ ಕೌಶಲಕ್ಕೆ ಮಾತ್ರ ಯಾವ ಮಾಲೀಕನೂ ಹಣ ಹಾಕಲಾರ, ಏಕೆಂದರೆ ಕಲಿತವಳಿಗೆ ಪಕ್ಕದ ಕಾರ್ಖಾನೆಯವನು ಹೆಚ್ಚು ಸಂಬಳ ಕೊಟ್ಟು ಕರೆದುಕೊಂಡು ಹೋಗುತ್ತಾನೆ. ಮಾತುಗಾರಿಕೆ, ಸಮಯಪಾಲನೆ ಎಲ್ಲಿ ಹೋದರೂ ಬೇಕಾದ ಕೌಶಲಗಳೇ. ಆ ಲೆಕ್ಕದಲ್ಲಿ ಒಂದೋ ಕಂಪನಿ ಆ ತರಬೇತಿ ಕೊಡಬಾರದಿತ್ತು, ಇಲ್ಲವೇ ಕೊಟ್ಟ ಮೇಲೆ ಸಂಬಳ ಏರಬೇಕಿತ್ತು. ಎರಡೂ ಆಗಲಿಲ್ಲ. ಜರ್ಮನಿಯ ಕಾರ್ಖಾನೆಗಳು ಎಳೆಯ ಕೆಲಸಗಾರರಿಗೆ ತಮ್ಮ ಹಣದಲ್ಲೇ ಸಾಮಾನ್ಯ ಕೌಶಲಗಳನ್ನು ಕಲಿಸುವುದೇಕೆ ಎಂದು ಕೇಳಿಕೊಂಡ ಡ್ಯಾರನ್ ಅಸೆಮೊಗ್ಲು ಮತ್ತು ಯಾರ್ನ್-ಸ್ಟೆಫನ್ ಪಿಶ್ಕೆ 1990ರ ದಶಕದ ಕೊನೆಯಲ್ಲಿ ಇದಕ್ಕೆ ವಿವರಣೆ ಕೊಟ್ಟರು. ಕೆಲಸಗಾರರಿಗೆ ಬೇರೆ ಕಡೆ ಹೋಗುವುದು ಕಷ್ಟವಿದ್ದಾಗ, ಅವರು ಎಷ್ಟು ಕಲಿತಿದ್ದಾರೆಂಬುದು ಹೊರಗಿನವರಿಗೆ ಕಾಣದಿದ್ದಾಗ, ಕಲಿಸಿದ ಮಾಲೀಕನೇ ಆ ಕಲಿಕೆಯ ಫಲವನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಲ್ಲ, ಆದ್ದರಿಂದಲೇ ಕಲಿಸಲು ಮುಂದಾಗುತ್ತಾನೆ.

ನಮ್ಮ ಬೀದಿಯ ಮಟ್ಟಿಗೆ ಆ ಕಷ್ಟಗಳು ಯಾವುವೆಂದು ನಾನು ಹೇಳಬಲ್ಲೆ. ಬೆಳಗ್ಗೆ ಆರಕ್ಕೆ ನೀರು ಹಿಡಿದು, ಅಡುಗೆ ಮುಗಿಸಿ, ಮಕ್ಕಳಿಗೆ ಡಬ್ಬಿ ಕಟ್ಟಿ ಒಂಬತ್ತಕ್ಕೆ ಮೆಷಿನ್ ಮುಂದೆ ಕೂರಬೇಕಾದವಳು ನಡೆದು ಹೋಗುವಷ್ಟು ದೂರದಲ್ಲಿರುವ ಎರಡು ಮೂರು ಕಾರ್ಖಾನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಲ್ಲಳೇ ಹೊರತು ಇಡೀ ನಗರದ ಕಾರ್ಖಾನೆಗಳಲ್ಲಿ ಒಂದನ್ನಲ್ಲ. ಆ ಎರಡು ಮೂರರಲ್ಲೂ ಸಂಬಳ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನದ ಆಸುಪಾಸಿನಲ್ಲೇ ನಿಂತಿರುತ್ತದೆ. ಇದಕ್ಕಿಂತ ಕೆಳಗೆ ಇಳಿಯಬಾರದೆಂದು ಹಾಕಿದ ನೆಲವೇ ಇದಕ್ಕಿಂತ ಮೇಲೆ ಏರಬಾರದೆಂಬ ಚಾವಣಿಯೂ ಆಗಿದೆ. ಇನ್ನು ಹೊಸ ಕಾರ್ಖಾನೆಗೆ ಹೋದರೆ ಹಳೆಯ ಕಾರ್ಖಾನೆಯ ಅನುಭವದ ಪತ್ರ ಸಿಗುವುದಿಲ್ಲ, ಸಿಕ್ಕರೂ ಅದನ್ನು ಯಾರೂ ಓದುವುದಿಲ್ಲ. ಅವ್ವ ಹೋದಲ್ಲೆಲ್ಲ ಒಂದು ತುಂಡು ಬಟ್ಟೆ ಕೊಟ್ಟು, ಟೆಸ್ಟ್ ಪೀಸ್ ಹೊಲಿಸಿ, ಹೊಸಬಳೆಂದೇ ಹೆಸರು ಬರೆದುಕೊಂಡರು. ಹತ್ತು ಹದಿನೈದು ವರ್ಷಗಳ ಕಲಿಕೆ ಐದು ನಿಮಿಷದ ಹೊಲಿಗೆಯಲ್ಲಿ ಎಷ್ಟು ಕಂಡೀತು?

ಕಾರ್ಖಾನೆಯವರ ಮಾತನ್ನೂ ಕೇಳಬೇಕು. ವಿದೇಶಿ ಬ್ರ್ಯಾಂಡುಗಳು ಒಂದು ಶರ್ಟಿಗೆ ಇಷ್ಟೇ ಎಂದು ಬೆಲೆ ಕಟ್ಟುತ್ತವೆ, ಒಪ್ಪದಿದ್ದರೆ ಆರ್ಡರ್ ಬಾಂಗ್ಲಾದೇಶಕ್ಕೋ ವಿಯೆಟ್ನಾಂಗೋ ಹೋಗುತ್ತದೆ ಎಂಬ ಅವರ ಅಳಲು ಸುಳ್ಳಲ್ಲ. ಆದರೆ ಮೇಲಿನ ಅಧ್ಯಯನದಲ್ಲಿ ಹೆಚ್ಚಾದದ್ದು ಅದೇ ಬೆಲೆಗೆ ಮಾರುವ ಶರ್ಟುಗಳ ಸಂಖ್ಯೆ. ಹಂಚಿಕೊಳ್ಳಲು ಹೊಸದಾಗಿ ಏನೋ ಹುಟ್ಟಿತ್ತು, ಹಂಚಿಕೆ ಮಾತ್ರ ಆಗಲಿಲ್ಲ. ತರಬೇತಿ ಕೊಟ್ಟ ಕಂಪನಿಯನ್ನು ನಾನು ಹಳಿಯುವುದಿಲ್ಲ. ತರಬೇತಿಯನ್ನೇ ಕೊಡದ ನೂರಾರು ಕಾರ್ಖಾನೆಗಳಿಗಿಂತ, ಕೊಟ್ಟು ಅದರ ಫಲಿತಾಂಶವನ್ನು ಹೊರಗಿನವರು ಅಳೆಯಲು ಬಿಟ್ಟವರು ಮೇಲು ಎಂದೇ ನನ್ನ ಅಭಿಪ್ರಾಯ. ಆ ತರಬೇತಿ ಪಡೆದ ಹೆಣ್ಣುಮಕ್ಕಳು ಮಕ್ಕಳ ಓದಿಗೆಂದು ಹೆಚ್ಚು ಉಳಿಸತೊಡಗಿದರು ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ.

ನಮ್ಮ ಕೆಲಸಗಾರರಲ್ಲಿ ಕೌಶಲವಿಲ್ಲ, ಆದ್ದರಿಂದಲೇ ಉತ್ಪಾದಕತೆ ಇಲ್ಲ ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆ ಮಾತಿನಲ್ಲಿ ಒಂದು ದೊಡ್ಡ ತಪ್ಪಿದೆ. ಉತ್ಪಾದಕತೆ ಕೆಲಸಗಾರಳ ಮೈಯಲ್ಲಿ ಮಾತ್ರ ಇರುವ ಗುಣವಲ್ಲ. ಬೆಂಗಳೂರು ಸುತ್ತಮುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಮೆಷಿನ್ನಿನ ಮೇಲಿನ ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದಾಗ ಆದದ್ದನ್ನು ಅದೇ ಮೂವರು ಇನ್ನೊಂದು ಅಧ್ಯಯನದಲ್ಲಿ ತೋರಿಸಿದ್ದಾರೆ. ಬಿಸಿಲು ಏರಿದ ದಿನಗಳಲ್ಲಿ ಉತ್ಪಾದನೆ ಬೀಳುತ್ತಿತ್ತು. ಎಲ್‌ಇಡಿ ಕಡಿಮೆ ಕಾವು ಹೊಮ್ಮಿಸುವುದರಿಂದ ಆ ಬೀಳುವಿಕೆ ಬಹುಪಾಲು ತಪ್ಪಿತು. ಮುಂಬಯಿ ಬಳಿಯ ಬಟ್ಟೆ ಗಿರಣಿಗಳಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಆಡಳಿತದ ಕ್ರಮಗಳನ್ನು, ಅಂದರೆ ದಾಸ್ತಾನಿನ ಲೆಕ್ಕ, ಯಂತ್ರಗಳ ನಿರ್ವಹಣೆ, ದೋಷಗಳ ದಾಖಲೆ ಇಂಥವುಗಳನ್ನು, ಸರಿಪಡಿಸಿದಾಗ ಮೊದಲ ವರ್ಷದಲ್ಲೇ ಉತ್ಪಾದಕತೆ ಶೇಕಡಾ 17ರಷ್ಟು ಏರಿತು. ನೇಯುವವರ ಓದು ಒಂದು ತರಗತಿಯೂ ಹೆಚ್ಚಾಗಿರಲಿಲ್ಲ. ತಲೆಯ ಮೇಲೆ ಕಾದ ಬಲ್ಬು ಉರಿಯುತ್ತಿರುವಾಗ ಬೆವರುತ್ತಾ ನಿಧಾನವಾದ ಕೈಗೆ ಕೌಶಲದ ಕೊರತೆಯೆಂಬ ಹೆಸರಿಡುವುದು ಅನ್ಯಾಯ.

ಈಗ ನನಗೆ ಬಹಳ ಹತ್ತಿರದ ವಿಷಯಕ್ಕೆ ಬರುತ್ತೇನೆ. ಭೂಮಿಯನ್ನು ಅಡವಿಟ್ಟು ಸಾಲ ಪಡೆಯಬಹುದು, ಚಿನ್ನವನ್ನು ಅಡವಿಡಬಹುದು. ಮನುಷ್ಯನೊಳಗಿನ ಬಂಡವಾಳವನ್ನು ಅಡವಿಡಲಾಗುವುದಿಲ್ಲ. ಹಾಗಾಗಿ ಬಡವರು ಮಕ್ಕಳ ಓದಿಗೆ ಹಣ ಹೊಂದಿಸುವುದು ಯಾವಾಗಲೂ ಕಷ್ಟ ಎಂಬುದನ್ನು ಅರ್ಥಶಾಸ್ತ್ರಜ್ಞರು ಎಂದೋ ಗುರುತಿಸಿದ್ದಾರೆ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳ ಕೈಯಲ್ಲಿದ್ದ ಒಂದೇ ಒಂದು ಗಂಟು ಪಿಎಫ್, ಅಂದರೆ ಕೆಲಸಗಾರಳೂ ಮಾಲೀಕರೂ ತಿಂಗಳು ತಿಂಗಳು ಪಾಲು ಹಾಕುವ ಭವಿಷ್ಯನಿಧಿ. ಮಕ್ಕಳ ಉನ್ನತ ವ್ಯಾಸಂಗಕ್ಕೆ ಪಿಎಫ್‌ನಿಂದ ಮುಂಗಡ ತೆಗೆಯಲು ಅಂದಿನ ನಿಯಮದಂತೆ ಏಳು ವರ್ಷಗಳ ಸದಸ್ಯತ್ವ ಆಗಿರಬೇಕಿತ್ತು, ಆಗಲೂ ಸಿಗುತ್ತಿದ್ದದ್ದು ತನ್ನ ಪಾಲಿನ ಅರ್ಧ ಮಾತ್ರ. ಪೂರ್ತಿ ಹಣ ಬೇಕಿದ್ದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಎರಡು ತಿಂಗಳು ಕಾಯಬೇಕಿತ್ತು. 2013ರಲ್ಲಿ ನಾನು ಪದವಿಗೆ ಸೇರುವಾಗ ಅವ್ವ ಮಾಡಿದ್ದು ಅದನ್ನೇ. ರಾಜೀನಾಮೆ ಕೊಟ್ಟಳು, ಎರಡು ತಿಂಗಳು ಪಿಎಫ್ ಇಲ್ಲದ ಒಂದು ಸಣ್ಣ ಜಾಬ್ ವರ್ಕ್ ಶೆಡ್ಡಿನಲ್ಲಿ ಹೊಲಿದಳು, ಹಣ ಬಂದ ಮೇಲೆ ನನ್ನ ಶುಲ್ಕ ಕಟ್ಟಿ, ಬೇರೊಂದು ಕಾರ್ಖಾನೆಯ ಗೇಟಿನ ಮುಂದೆ ಮತ್ತೆ ಹೊಸಬಳಂತೆ ಸಾಲಿನಲ್ಲಿ ನಿಂತಳು. ಅದಕ್ಕೂ ಮೊದಲು ಊರಿನ ಸಾಲಕ್ಕೆ ಒಮ್ಮೆ, ಭೋಗ್ಯದ ಮನೆಗೆ ಒಮ್ಮೆ, ಆಮೇಲೆ ತಮ್ಮನ ಡಿಪ್ಲೊಮಾಗೆ ಇನ್ನೊಮ್ಮೆ ಹೀಗೇ ಬಿಟ್ಟು ಸೇರಿದ್ದಳು. ಪ್ರತಿ ಸಲವೂ ಪಿಎಫ್ ಸದಸ್ಯತ್ವದ ವರ್ಷಗಳು ಸೊನ್ನೆಗೆ ಬರುತ್ತಿದ್ದುದರಿಂದ ಏಳು ವರ್ಷದ ಆ ಗಡಿಯನ್ನು ಅವಳು ಮುಟ್ಟಲೇ ಇಲ್ಲ. ನನ್ನ ತಲೆಯೊಳಗೆ ಬಂಡವಾಳ ತುಂಬಲು ತನ್ನ ಅನುಭವದ ದಾಖಲೆಯನ್ನೇ ಅವಳು ಒಡೆದು ಕೊಟ್ಟಳು.

ಆದ್ದರಿಂದಲೇ 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ನಿಯಮ ಬದಲಿಸಿದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಹೆಣ್ಣುಮಕ್ಕಳು ಇಳಿದರು. ಹೊಸೂರು ರಸ್ತೆ ನಿಂತಿತು, ಮೈಸೂರು ರಸ್ತೆ ನಿಂತಿತು. ಮುಪ್ಪಿನ ಕಾಲಕ್ಕೆ ಒಳ್ಳೆಯದಾಗಲೆಂದು ತಂದ ನಿಯಮವನ್ನು ಇವರೇಕೆ ವಿರೋಧಿಸುತ್ತಾರೆ ಎಂದು ಅಂದು ಅನೇಕರು ಕೇಳಿದರು. ಆ ಗಂಟು ಮುಪ್ಪಿನ ಊರುಗೋಲಾಗುವ ಮೊದಲೇ ಮಕ್ಕಳ ಕಾಲೇಜಿನ ಶುಲ್ಕವಾಗಬೇಕಿತ್ತು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅವ್ವನೂ ಆ ದಿನ ಬಿಸಿಲಿನಲ್ಲಿ ನಡೆದಿದ್ದಳು. ಸರ್ಕಾರ 19ರಂದೇ ಆ ನಿಯಮವನ್ನು ಹಿಂತೆಗೆದುಕೊಂಡಿತು. ಭಾಗಶಃ ಹಣ ತೆಗೆಯಲು ಬೇಕಾದ ಸೇವಾ ಅವಧಿಯನ್ನು ಹನ್ನೆರಡು ತಿಂಗಳಿಗೆ ಇಳಿಸುವ ತೀರ್ಮಾನ ಬಂದದ್ದು 2025ರ ಅಕ್ಟೋಬರಿನಲ್ಲಿ.

ಮಿನ್ಸರ್ ಅವರ ಸಮೀಕರಣಕ್ಕೆ ಒಮ್ಮೆ ಮರಳುತ್ತೇನೆ, ಏಕೆಂದರೆ ಹಾನಿ ಅಲ್ಲಿಂದಲೂ ಆಗುತ್ತದೆ. ಆ ಅಳತೆಯಲ್ಲಿ ಕಲಿಕೆಯ ಬೆಲೆಯೆಂದರೆ ಸಂಬಳದಲ್ಲಿ ಕಂಡಷ್ಟು. ಸಂಬಳವೇ ಉತ್ಪಾದಕತೆಯ ಹಿಂದೆ ಬಿದ್ದಿರುವ ಕಡೆ ಆ ಅಳತೆ ಕಲಿಕೆಯನ್ನು ಕಡಿಮೆ ತೋರಿಸುತ್ತದೆ, ಮತ್ತು ಹೆಣ್ಣುಮಕ್ಕಳು ತುಂಬಿರುವ ಉದ್ಯೋಗಗಳಲ್ಲಿ ಹಾಗಾಗುವ ಸಾಧ್ಯತೆ ಹೆಚ್ಚು. ಆ ಅಂಕಿಯನ್ನು ನೋಡಿದ ಯೋಜನಾಧಿಕಾರಿ ಇಂಥವರ ತರಬೇತಿಯಿಂದ ಏನೂ ಹುಟ್ಟುವುದಿಲ್ಲ ಎಂದು ತೀರ್ಮಾನಿಸುತ್ತಾನೆ. ಅಂಕಿಯನ್ನು ನೋಡದ ತಂದೆಯೂ ಅಕ್ಕಪಕ್ಕದ ಮನೆ ನೋಡಿ, ಹುಡುಗಿ ಪಿಯುಸಿ ಓದಿದರೂ ಗಾರ್ಮೆಂಟ್ಸ್, ಓದದಿದ್ದರೂ ಗಾರ್ಮೆಂಟ್ಸ್, ಸಂಬಳವೂ ಅಷ್ಟೇ ಎಂದು ಅದೇ ತೀರ್ಮಾನಕ್ಕೆ ಬರುತ್ತಾನೆ. ಪ್ರತಿ ಜೂನ್ ತಿಂಗಳಲ್ಲಿ ಇಂಥ ಒಬ್ಬಿಬ್ಬರು ತಂದೆಯರನ್ನು ಕಾಲೇಜಿನ ಕಚೇರಿಯಲ್ಲಿ ಕೂರಿಸಿಕೊಂಡು ಮಾತನಾಡುತ್ತೇನೆ. ಅವರ ಲೆಕ್ಕ ತಪ್ಪೆಂದು ಬಾಯಿಬಿಟ್ಟು ಹೇಳಲು ಆಗುವುದಿಲ್ಲ. ಅವರು ನೋಡಿದ್ದು ನಿಜವೇ.

ಹಾಗಾದರೆ ಕಳಚಿದ ಕೊಂಡಿಯನ್ನು ಕೂಡಿಸುವುದು ಹೇಗೆ? ಇನ್ನಷ್ಟು ತರಬೇತಿ ಕೊಡುವುದೊಂದೇ ದಾರಿ ಎಂದು ನಾನು ನಂಬುವುದಿಲ್ಲ. ಕನಿಷ್ಠ ವೇತನದ ಪಟ್ಟಿಯಲ್ಲಿ ಹೆಲ್ಪರ್‌ಗೂ ಕಾಲರ್ ಕೂರಿಸಬಲ್ಲವಳಿಗೂ ಇರುವ ಅಂತರ ಕಲಿಕೆಗೆ ತಕ್ಕಷ್ಟಿರಬೇಕು. ಯಾವ ಯಾವ ಹೊಲಿಗೆ ಬಲ್ಲಳು, ಎಷ್ಟು ವರ್ಷ ದುಡಿದಿದ್ದಾಳೆ ಎಂಬ ದಾಖಲೆ ಕಾರ್ಖಾನೆಯ ಬೀರುವಿನಲ್ಲಿ ಇರದೆ ಅವಳ ಕೈಯಲ್ಲಿರಬೇಕು, ಮುಂದಿನ ಕಾರ್ಖಾನೆ ಅದನ್ನು ಒಪ್ಪಬೇಕು. ಅವಳು ಬಡಿಯಬಹುದಾದ ಬಾಗಿಲುಗಳು ಹೆಚ್ಚಬೇಕು. ಈ ದೃಷ್ಟಿಯಿಂದ ನೋಡಿದರೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ಸು ನನಗೆ ಬರಿಯ ರಿಯಾಯಿತಿಯಾಗಿ ಕಾಣುವುದಿಲ್ಲ. ಟಿಕೆಟಿಲ್ಲದೆ ನಾಲ್ಕು ನಿಲ್ದಾಣ ಆಚೆಗೆ ಹೋಗಬಲ್ಲವಳು ಎರಡು ಕಾರ್ಖಾನೆಗಳ ಬದಲು ಹತ್ತು ಕಾರ್ಖಾನೆಗಳ ಸಂಬಳವನ್ನು ಹೋಲಿಸಬಲ್ಲಳು. ಇನ್ನೊಂದೆಡೆ, 2020ರ ಏಪ್ರಿಲಿನಲ್ಲಿ ಕೊಡಬೇಕಿದ್ದ ತಿಂಗಳಿಗೆ ಸುಮಾರು 417 ರೂಪಾಯಿಯ ತುಟ್ಟಿಭತ್ಯೆ ಅನೇಕ ಗಾರ್ಮೆಂಟ್ಸ್ ಕೆಲಸಗಾರರ ಕೈಸೇರಲು ಎರಡು ವರ್ಷದ ಹತ್ತಿರ ಹಿಡಿಯಿತು ಎಂಬುದನ್ನು ನೆನೆದರೆ, ಕಾನೂನು ಬರೆದಿಟ್ಟದ್ದನ್ನು ಪಡೆಯಲೂ ಎಷ್ಟು ಹೆಣಗಬೇಕೆಂಬುದು ತಿಳಿಯುತ್ತದೆ.

ಆ ಹುಡುಗಿಗೆ ಈ ವರ್ಷ ನಾನು ಹೇಳಿದ್ದು ಇಷ್ಟು: ನಿಮ್ಮಮ್ಮ ಕಲಿತದ್ದು ಖಂಡಿತವಾಗಿಯೂ ಬಂಡವಾಳ, ಅದರಿಂದ ಲಾಭವೂ ಹುಟ್ಟಿದೆ, ಆ ಲಾಭ ನಿಮ್ಮ ಮನೆಗೆ ಬಂದಿಲ್ಲ ಅಷ್ಟೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಎಲ್ಲಿಗೆ ಹೋಯಿತೆಂದು ಪರೀಕ್ಷೆಯಲ್ಲಿ ಕೇಳುತ್ತಾರೆಯೇ ಎಂದು ವಿಚಾರಿಸಿದಳು. ಕೇಳುವುದಿಲ್ಲ ಎಂದೆ. ಆದರೂ ಬರೆದುಕೊಂಡಳು.

ಅವ್ವ 2025ರ ಮೇ ತಿಂಗಳಲ್ಲಿ, ಮಂಡಿನೋವು ಹೆಚ್ಚಾಗಿ, ಕೆಲಸ ಬಿಟ್ಟಳು. 2020ರಲ್ಲಿ ಲಾಕ್‌ಡೌನ್ ನಂತರ ಹಿಂದಿನ ಕಾರ್ಖಾನೆ ಬಾಗಿಲು ಹಾಕಿದ್ದರಿಂದ, ಆ ವರ್ಷದ ಡಿಸೆಂಬರಿನಲ್ಲಿ ಸೇರಿದ್ದ ಕಾರ್ಖಾನೆ ಇದು. ಲೆಕ್ಕ ಚುಕ್ತಾ ಮಾಡಿಸಲು ನಾನೇ ಜೊತೆಗೆ ಹೋಗಿದ್ದೆ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗಾಗಿ ಮಾಲೀಕ ಕೊಡುವ ಇಡಿಗಂಟಿಗೆ, ಒಂದೇ ಕಡೆ ಐದು ವರ್ಷಗಳ ನಿರಂತರ ಸೇವೆ ಬೇಕು, ಸಿಗುವುದು ವರ್ಷಕ್ಕೆ ಹದಿನೈದು ದಿನದ ಸಂಬಳ. ಬಿಡುವುಗಳನ್ನೆಲ್ಲ ಕಳೆದರೂ ಅವ್ವ ಮೆಷಿನ್ನಿನ ಮುಂದೆ ಕುಳಿತದ್ದು ಇಪ್ಪತ್ತನಾಲ್ಕು ವರ್ಷ, ಒಂದೇ ಕಡೆ ಆಗಿದ್ದರೆ, ತಿಂಗಳಿಗೆ ಇಪ್ಪತ್ತಾರು ದುಡಿಮೆಯ ದಿನವೆಂಬ ಲೆಕ್ಕದಲ್ಲಿ, ಅದು ಸುಮಾರು ಹದಿನಾಲ್ಕು ತಿಂಗಳ ಸಂಬಳದಷ್ಟು ಹಣ. ಕಚೇರಿಯ ಹುಡುಗ ಕಂಪ್ಯೂಟರ್ ನೋಡಿ, ಸೇವಾ ಅವಧಿ ನಾಲ್ಕು ವರ್ಷ ಐದು ತಿಂಗಳು ಎಂದು ಹೇಳಿದ, ಗ್ರಾಚ್ಯುಟಿಯ ಕಾಲಂನಲ್ಲಿ ಸೊನ್ನೆ ಹಾಕಿ ಕಾಗದವನ್ನು ಅವ್ವನ ಕಡೆ ತಿರುಗಿಸಿದ. ಅವ್ವ ಅದನ್ನು ಪೂರ್ತಿ ಓದಿ, ಹೆಸರಿನಲ್ಲಿದ್ದ ಒಂದು ಅಕ್ಷರದ ತಪ್ಪನ್ನು ತೋರಿಸಿ ಸರಿಮಾಡಿಸಿ, ಆಮೇಲೆ ಸಹಿ ಹಾಕಿದಳು.